ಥ್ರೆಡ್-ಸ್ಥಳೀಯ ಸಂದರ್ಭ

ಥ್ರೆಡ್-ಸ್ಥಳೀಯ ಸಂದರ್ಭ ಎಂಬುದು ಗಣಕಯಂತ್ರದ ತಂತ್ರಾಂಶದಲ್ಲಿ ಒಂದು ಥ್ರೆಡ್ ತಾನು ಮಾಡುತ್ತಿರುವ ಕೆಲಸಕ್ಕೆ ಬೇಕಾದ ಮಾಹಿತಿಯನ್ನು, ಇತರ ಥ್ರೆಡ್‌ಗಳಿಗೆ ಕಾಣದಂತೆ, ತನ್ನ ಬಳಿಯೇ ಇರಿಸಿಕೊಳ್ಳುವ ವ್ಯವಸ್ಥೆಯಾಗಿದೆ. ಯಾವ ತಾಲ್ಲೂಕಿನ ದಾಖಲೆಗಳು ಸಂಸ್ಕರಣೆಯಾಗುತ್ತಿವೆ, ಯಾವ ದಿನಾಂಕದ ಲೆಕ್ಕ, ಯಾವ ಡೇಟಾಬೇಸ್ ಸಂಪರ್ಕ, ಕೆಲಸದ ಗುರುತು ಸಂಖ್ಯೆ ಯಾವುದು ಎಂಬಂತಹ ವಿವರಗಳು ಈ ಸಂದರ್ಭದಲ್ಲಿ ಸೇರುತ್ತವೆ. ಬ್ಯಾಚ್ ಸಂಸ್ಕರಣೆಯ ತಂತ್ರಾಂಶಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ಸಂದರ್ಭವು ವಾಸ್ತವವಾಗಿ ಕೆಲಸಕ್ಕೆ ಸೇರಿದ್ದು. ಆದರೆ ಅದನ್ನು ಇರಿಸುವುದು ಥ್ರೆಡ್‌ನಲ್ಲಿ. ಕೆಲಸ ಮುಗಿದ ಮೇಲೂ ಥ್ರೆಡ್ ಉಳಿಯುತ್ತದೆ. ಈ ವಿಷಯದಲ್ಲಿ ಎದುರಾಗುವ ದೋಷಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಬ್ಯಾಚ್ ಸಂಸ್ಕರಣೆ

ಬಳಕೆದಾರನೊಬ್ಬನು ಪರದೆಯ ಮುಂದೆ ಕುಳಿತು ಒಂದೊಂದಾಗಿ ಕೆಲಸ ಮಾಡಿಸದೆ, ದೊಡ್ಡ ಪ್ರಮಾಣದ ದಾಖಲೆಗಳನ್ನು ಒಟ್ಟಾಗಿ ಸಂಗ್ರಹಿಸಿ, ನಿಗದಿತ ವೇಳೆಯಲ್ಲಿ, ಸಾಮಾನ್ಯವಾಗಿ ರಾತ್ರಿಯ ಹೊತ್ತಿನಲ್ಲಿ, ಒಂದೇ ಸಲಕ್ಕೆ ಸಂಸ್ಕರಿಸುವುದನ್ನು ಬ್ಯಾಚ್ ಸಂಸ್ಕರಣೆ ಎನ್ನುತ್ತಾರೆ. ಬ್ಯಾಂಕುಗಳ ದಿನಾಂತ್ಯದ ಬಡ್ಡಿ ಲೆಕ್ಕ, ವಿದ್ಯುತ್ ಬಿಲ್ಲುಗಳ ತಯಾರಿ, ನೌಕರರ ಮಾಸಿಕ ವೇತನ, ಪರೀಕ್ಷಾ ಫಲಿತಾಂಶಗಳ ಕ್ರೋಡೀಕರಣ ಇವೆಲ್ಲ ಇದಕ್ಕೆ ಪರಿಚಿತ ನಿದರ್ಶನಗಳು.

ಈ ಬಗೆಯ ಕೆಲಸದಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ಪರದೆಯ ಮೇಲೆ ಬೇರೆಯವರ ಹೆಸರು ಮೂಡಿದರೆ ಬಳಕೆದಾರನು ಕೂಡಲೇ ಗಮನಿಸಿ ಆಕ್ಷೇಪಿಸುತ್ತಾನೆ. ರಾತ್ರಿ ಎರಡು ಗಂಟೆಗೆ ನಡೆಯುವ ಬ್ಯಾಚಿನಲ್ಲಿ ಒಂದು ದಾಖಲೆಗೆ ಇನ್ನೊಂದರ ವಿವರ ಅಂಟಿಕೊಂಡರೆ ಕಂಡು ಹೇಳುವವರಿಲ್ಲ. ಆದ್ದರಿಂದ ಸಂದರ್ಭದ ನಿರ್ವಹಣೆಯಲ್ಲಿ ವೆಬ್ ತಂತ್ರಾಂಶಗಳಿಗಿಂತ ಬ್ಯಾಚ್ ತಂತ್ರಾಂಶಗಳಿಗೆ ಹೆಚ್ಚಿನ ಎಚ್ಚರಿಕೆ ಬೇಕಾಗುತ್ತದೆ.

ಥ್ರೆಡ್ ಮತ್ತು ಸಂದರ್ಭ

ಥ್ರೆಡ್ ಎಂಬ ಇಂಗ್ಲಿಷ್ ಪದಕ್ಕೆ ಎಳೆ ಅಥವಾ ದಾರ ಎಂದರ್ಥ. ಒಂದು ಪ್ರೋಗ್ರಾಮ್ ಓಡುತ್ತಿರುವಾಗ ಅದರೊಳಗೆ ಸ್ವತಂತ್ರವಾಗಿ ಸಾಗುವ ಆದೇಶಗಳ ಒಂದೊಂದು ಸರಣಿಯೂ ಒಂದು ಥ್ರೆಡ್. ಒಂದೇ ಪ್ರೋಗ್ರಾಮಿನ ಎಲ್ಲ ಥ್ರೆಡ್‌ಗಳೂ ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಒಂದು ಥ್ರೆಡ್ ಬರೆದ ಮೌಲ್ಯವನ್ನು ಇನ್ನೊಂದು ಥ್ರೆಡ್ ಓದಬಹುದು, ಅಳಿಸಬಹುದು, ಮೇಲೆ ಬರೆಯಲೂಬಹುದು. ಸಾಮಾನ್ಯ ವೇರಿಯಬಲ್ ಒಂದರಲ್ಲಿ "ಈಗಿನ ತಾಲ್ಲೂಕು" ಎಂದು ಬರೆದಿಟ್ಟರೆ ನಾಲ್ಕು ಥ್ರೆಡ್‌ಗಳು ಏಕಕಾಲದಲ್ಲಿ ಅದನ್ನು ತಿದ್ದುತ್ತಾ ಯಾವ ಮೌಲ್ಯವೂ ನಂಬಿಕೆಗೆ ಅರ್ಹವಲ್ಲದಂತಾಗುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಬೇಕಾದ ವಿವರವನ್ನು ಪ್ರತಿಯೊಂದು ಫಂಕ್ಷನ್‌ಗೂ ಪ್ಯಾರಾಮೀಟರ್ ಆಗಿ ಕೈಯಿಂದ ಕೈಗೆ ದಾಟಿಸುವುದು. ಇದು ಸ್ಪಷ್ಟವಾದ ಮಾರ್ಗವಾದರೂ, ಹತ್ತು ಹಂತ ಕೆಳಗಿರುವ ಒಂದು ಫಂಕ್ಷನ್‌ಗೆ ತಾಲ್ಲೂಕಿನ ಸಂಕೇತ ಬೇಕಾದರೆ ನಡುವಿನ ಒಂಬತ್ತೂ ಫಂಕ್ಷನ್‌ಗಳು ತಮಗೆ ಬೇಡದ ಹೊರೆಯನ್ನು ಹೊರಬೇಕಾಗುತ್ತದೆ. ಎರಡನೆಯದು ಥ್ರೆಡ್-ಸ್ಥಳೀಯ ವೇರಿಯಬಲ್. ಇದರ ಹೆಸರು ಎಲ್ಲ ಥ್ರೆಡ್‌ಗಳಿಗೂ ಒಂದೇ. ಆದರೆ ಮೌಲ್ಯ ಮಾತ್ರ ಪ್ರತಿ ಥ್ರೆಡ್‌ಗೂ ಬೇರೆ. ಒಂದೇ ಶಾಲೆಯ ನಾಲ್ಕು ಕೊಠಡಿಗಳಲ್ಲಿಯೂ "ಕಪ್ಪುಹಲಗೆ" ಎಂಬುದು ಇದೆ, ಆದರೆ ಒಂದೊಂದರ ಮೇಲೂ ಬೇರೆ ಬೇರೆ ಪಾಠ ಬರೆದಿರುತ್ತದೆ ಎಂಬ ಹೋಲಿಕೆ ಇಲ್ಲಿ ಹೊಂದುತ್ತದೆ. ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದಕ್ಕೂ ಸಲ್ಲುತ್ತದೆ: ಹಿಂದಿನ ಅವಧಿಯವರು ಹಲಗೆಯನ್ನು ಅಳಿಸದೆ ಹೋದರೆ ಮುಂದಿನ ತರಗತಿಗೆ ಹಳೆಯ ಪಾಠವೇ ಕಾಣುತ್ತದೆ.

ಥ್ರೆಡ್ ಪೂಲ್

ಹೊಸ ಥ್ರೆಡ್ ಒಂದನ್ನು ಸೃಷ್ಟಿಸಲು ಸಮಯವೂ ಮೆಮೊರಿಯೂ ವ್ಯಯವಾಗುತ್ತವೆ. ಆದ್ದರಿಂದ ತಂತ್ರಾಂಶಗಳು ನಿಗದಿತ ಸಂಖ್ಯೆಯ ಥ್ರೆಡ್‌ಗಳನ್ನು ಒಮ್ಮೆ ಸೃಷ್ಟಿಸಿ, ಒಂದು ಕೆಲಸ ಮುಗಿದ ಕೂಡಲೇ ಅದೇ ಥ್ರೆಡ್‌ಗೆ ಸಾಲಿನಲ್ಲಿ ಕಾದಿರುವ ಮತ್ತೊಂದು ಕೆಲಸವನ್ನು ಒಪ್ಪಿಸುತ್ತವೆ. ಈ ಏರ್ಪಾಡನ್ನು ಥ್ರೆಡ್ ಪೂಲ್ ಎನ್ನುತ್ತಾರೆ. ಥ್ರೆಡ್ ಸತ್ತರೆ ಅದರ ಸ್ಥಳೀಯ ಮೌಲ್ಯಗಳೂ ಅದರೊಂದಿಗೆ ಹೋಗುತ್ತವೆ. ಆದರೆ ಪೂಲಿನ ಥ್ರೆಡ್ ಸಾಯುವುದಿಲ್ಲ, ಮುಂದಿನ ಕೆಲಸಕ್ಕಾಗಿ ಕಾಯುತ್ತದೆ.

ಕೊಪ್ಪಳ ಜಿಲ್ಲೆಯ ಉದಾಹರಣೆ

ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣ ನಡೆದದ್ದು ತಾಲ್ಲೂಕುವಾರು. ಭೂಮಿ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿ, ತಾಲ್ಲೂಕು ಕಚೇರಿಗಳ ಕೇಂದ್ರಗಳಿಂದ ವಿತರಿಸುವ ವ್ಯವಸ್ಥೆಯನ್ನು ಮಾಡಲಾಯಿತು. ಬೆಳೆಹಾನಿಗೆ ಸಂಬಂಧಿಸಿದ ಇನ್‌ಪುಟ್ ಸಬ್ಸಿಡಿಯ ವಿವರಗಳನ್ನು ಕಂದಾಯ ಇಲಾಖೆಯು ಪರಿಹಾರ ಎಂಬ ತಂತ್ರಾಂಶದಲ್ಲಿ ದಾಖಲಿಸುತ್ತದೆ. ಹಣವು ರೈತರ ಆಧಾರ್ ಜೋಡಿತ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಇಷ್ಟು ದೊಡ್ಡ ಪ್ರಮಾಣದ ದಾಖಲೆಗಳನ್ನು ಹಂಚಿಕೊಂಡು ಸಂಸ್ಕರಿಸುವಾಗ ತಾಲ್ಲೂಕು ಎಂಬುದು ಸಹಜವಾದ ವಿಭಾಗವಾಗಿ ಒದಗುತ್ತದೆ. ಕೆಳಗಿನ ಉದಾಹರಣೆಯು ವಿವರಣೆಗಾಗಿ ಕಲ್ಪಿಸಿದ್ದಾಗಿದ್ದು, ಮೇಲೆ ಹೆಸರಿಸಿದ ಯಾವ ತಂತ್ರಾಂಶದ ಒಳರಚನೆಯನ್ನೂ ಕುರಿತದ್ದಲ್ಲ.

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಕೊಪ್ಪಳ ಜಿಲ್ಲೆಯಲ್ಲಿ ಮೊದಲಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಇವುಗಳ ಭೂಸ್ವರೂಪ ಒಂದೇ ಬಗೆಯದಲ್ಲ. ಗಂಗಾವತಿಯ ಬಹುಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಗೆ ಒಳಪಟ್ಟ ಭತ್ತದ ಸೀಮೆ. ಕುಷ್ಟಗಿ ಮತ್ತು ಯಲಬುರ್ಗಾ ಬಹುಮಟ್ಟಿಗೆ ಮಳೆಯನ್ನು ನೆಚ್ಚಿದ, ಜೋಳ, ಸಜ್ಜೆ, ಕಡಲೆ, ಶೇಂಗಾ ಬೆಳೆಯುವ ಒಣಬೇಸಾಯದ ಪ್ರದೇಶಗಳು. ರಾಜ್ಯ ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿಯಂತೆ ಬೆಳೆಹಾನಿಗೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಜಮೀನಿಗೆ 17,000 ರೂಪಾಯಿ, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿಯಂತೆ, ಗರಿಷ್ಠ 2 ಹೆಕ್ಟೇರಿಗೆ ನೆರವು ನಿಗದಿಯಾಗಿತ್ತು. ಮಳೆಯಾಶ್ರಿತ ಮತ್ತು ನೀರಾವರಿ ದರಗಳ ನಡುವಿನ ಅಂತರ ಸರಿಯಾಗಿ ಎರಡು ಪಟ್ಟು ಎಂಬುದನ್ನು ಗಮನಿಸಬೇಕು.

ಈ ಜಿಲ್ಲೆಯ ದಾಖಲೆಗಳನ್ನು ಸಂಸ್ಕರಿಸಲು ನಾಲ್ಕು ಥ್ರೆಡ್‌ಗಳ ಪೂಲ್ ಇರುವ ಒಂದು ಬ್ಯಾಚ್ ಪ್ರೋಗ್ರಾಮ್ ಇದೆಯೆಂದು ಭಾವಿಸಬಹುದು. ತಾಲ್ಲೂಕಿಗೊಂದರಂತೆ ಕೆಲಸಗಳು. ಪ್ರತಿ ಥ್ರೆಡ್ ತನ್ನ ಸಂದರ್ಭದಲ್ಲಿ ತಾಲ್ಲೂಕಿನ ಸಂಕೇತವನ್ನೂ, ದಾಖಲೆಯಲ್ಲಿ ಜಮೀನಿನ ವರ್ಗವನ್ನು ನಮೂದಿಸದೆ ಖಾಲಿ ಬಿಟ್ಟಿದ್ದರೆ ಬಳಸಬೇಕಾದ ರೂಢಿಯ ವರ್ಗವನ್ನೂ ಇರಿಸಿಕೊಳ್ಳುತ್ತದೆ. ಡೇಟಾಬೇಸಿಗೆ ಪದೇ ಪದೇ ಹೋಗುವುದನ್ನು ತಪ್ಪಿಸಲು ಪ್ರೋಗ್ರಾಮ್ ಬರೆದವರು, ಸಂದರ್ಭದಲ್ಲಿ ರೂಢಿಯ ವರ್ಗ ಖಾಲಿಯಿದ್ದರೆ ಮಾತ್ರ ಡೇಟಾಬೇಸಿನಿಂದ ಓದಿ ತುಂಬಬೇಕು, ಈಗಾಗಲೇ ಇದ್ದರೆ ಅದನ್ನೇ ಬಳಸಬೇಕು ಎಂದು ಬರೆದಿದ್ದಾರೆ. ಓದಿದವರಿಗೆ ಈ ಸಾಲುಗಳಲ್ಲಿ ಯಾವ ತಪ್ಪೂ ಕಾಣುವುದಿಲ್ಲ.

ನಾಲ್ಕು ತಾಲ್ಲೂಕುಗಳಿದ್ದಷ್ಟು ಕಾಲ ಪ್ರೋಗ್ರಾಮ್ ಸರಿಯಾಗಿಯೇ ನಡೆಯುತ್ತದೆ. ಪ್ರತಿ ಥ್ರೆಡ್‌ಗೂ ಒಂದೇ ಒಂದು ತಾಲ್ಲೂಕು. ಬ್ಯಾಚ್ ಮುಗಿದೊಡನೆ ಪ್ರೋಗ್ರಾಮೂ ಮುಗಿಯುತ್ತದೆ. ಹಳೆಯ ಸಂದರ್ಭ ಯಾರಿಗೂ ಸಿಗುವುದಿಲ್ಲ. ವರ್ಷಗಟ್ಟಲೆ ಹೀಗೆಯೇ ನಡೆದು, ಇದು ಪರೀಕ್ಷಿತವಾದ, ನಂಬಬಹುದಾದ ಪ್ರೋಗ್ರಾಮ್ ಎಂಬ ಹೆಸರೂ ಬರುತ್ತದೆ.

ಮುಂದೆ ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ, ಯಲಬುರ್ಗಾದಿಂದ ಕುಕನೂರು ಬೇರೆ ತಾಲ್ಲೂಕುಗಳಾಗಿ ರಚನೆಯಾದವು. ಪ್ರೋಗ್ರಾಮಿನ ಪಟ್ಟಿಗೆ ಮೂರು ಹೊಸ ಸಂಕೇತಗಳನ್ನು ಸೇರಿಸಲಾಗುತ್ತದೆ. ಒಂದು ಸಾಲಿನ ಆದೇಶವೂ ಬದಲಾಗುವುದಿಲ್ಲ. ಈಗ ಕೆಲಸಗಳು ಏಳು, ಥ್ರೆಡ್‌ಗಳು ನಾಲ್ಕೇ. ಕೊನೆಯ ಮೂರು ತಾಲ್ಲೂಕುಗಳು ಈಗಾಗಲೇ ಬೇರೊಂದು ತಾಲ್ಲೂಕನ್ನು ಮುಗಿಸಿದ ಥ್ರೆಡ್‌ಗಳ ಪಾಲಿಗೆ ಬರಲೇಬೇಕು. ಕುಷ್ಟಗಿಯನ್ನು ಮುಗಿಸಿದ ಥ್ರೆಡ್‌ಗೆ ಕಾರಟಗಿ ದೊರೆತರೆ, ತಾಲ್ಲೂಕಿನ ಸಂಕೇತ ಹೊಸದಾಗಿ ಬರೆಯಲ್ಪಡುತ್ತದೆ, ಆದರೆ ರೂಢಿಯ ವರ್ಗ ಖಾಲಿಯಿಲ್ಲವಾದ್ದರಿಂದ ಕುಷ್ಟಗಿಯ "ಮಳೆಯಾಶ್ರಿತ" ಎಂಬುದೇ ಉಳಿದುಬಿಡುತ್ತದೆ. ವರ್ಗದ ಕಾಲಂ ಖಾಲಿಯಿರುವ, ಒಂದೂವರೆ ಹೆಕ್ಟೇರ್ ಭತ್ತದ ಗದ್ದೆಯ ಕಾರಟಗಿಯ ರೈತನೊಬ್ಬನಿಗೆ 25,500 ರೂಪಾಯಿಯ ಬದಲು 12,750 ರೂಪಾಯಿ ಲೆಕ್ಕವಾಗುತ್ತದೆ. ಗಂಗಾವತಿಯನ್ನು ಮುಗಿಸಿದ ಥ್ರೆಡ್‌ಗೆ ಕುಕನೂರು ದೊರೆತರೆ ಒಣಬೇಸಾಯದ ಜಮೀನಿಗೆ ನೀರಾವರಿಯ ದರ ಬೀಳುತ್ತದೆ. ನಂತರ ವಸೂಲಾತಿಯ ನೋಟಿಸು ಹೋಗುವುದೂ ಆ ರೈತನಿಗೇ.

ಈ ದೋಷವನ್ನು ಹಿಡಿಯುವುದು ಕಷ್ಟ. ಪ್ರೋಗ್ರಾಮ್ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಓದಿದ ದಾಖಲೆಗಳ ಸಂಖ್ಯೆಯೂ ಬರೆದ ದಾಖಲೆಗಳ ಸಂಖ್ಯೆಯೂ ತಾಳೆಯಾಗುತ್ತವೆ. ತಾಲ್ಲೂಕಿನ ಸಂಕೇತ ಸರಿಯಾಗಿರುವುದರಿಂದ ವರದಿಯಲ್ಲಿ ಎಲ್ಲವೂ ತನ್ನ ತನ್ನ ಸ್ಥಾನದಲ್ಲಿಯೇ ಕಾಣುತ್ತದೆ. ಮೇಲಾಗಿ ಯಾವ ಥ್ರೆಡ್ ಮೊದಲು ಬಿಡುವಾಗುತ್ತದೆ ಎಂಬುದು ಆ ರಾತ್ರಿಯ ದಾಖಲೆಗಳ ಪ್ರಮಾಣ ಮತ್ತು ಸರ್ವರಿನ ಹೊರೆಯನ್ನು ಅವಲಂಬಿಸಿರುತ್ತದೆ. ದೂರು ಬಂದ ಮೇಲೆ ಅದೇ ಬ್ಯಾಚನ್ನು ಮತ್ತೆ ಓಡಿಸಿದಾಗ ಕಾರಟಗಿಯು ಗಂಗಾವತಿಯ ಥ್ರೆಡ್‌ಗೆ ಹೋಗಿ ಲೆಕ್ಕ ಸರಿಯಾಗಿಯೇ ಬರಬಹುದು. ಆಗ ದೂರು ಕೊಟ್ಟವರ ಮಾತೇ ಸುಳ್ಳಾಗಿ ತೋರುತ್ತದೆ.

ನಿರ್ವಹಣೆಯ ಕ್ರಮ

ಮೊದಲ ನಿಯಮವೆಂದರೆ, ಕೆಲಸದ ಆರಂಭದಲ್ಲಿ ಸಂದರ್ಭವನ್ನು ಇರಿಸಿದವರೇ ಕೆಲಸದ ಕೊನೆಯಲ್ಲಿ ಅದನ್ನು ತೆಗೆಯಬೇಕು. ಮತ್ತು ಕೆಲಸ ಯಶಸ್ವಿಯಾದರೂ ವಿಫಲವಾದರೂ ತೆಗೆಯುವ ಸಾಲು ನಡೆಯಲೇಬೇಕು. ಜಾವಾ ಭಾಷೆಯಲ್ಲಿ ಇದಕ್ಕಾಗಿ ಟ್ರೈ-ಫೈನಲಿ ರಚನೆಯನ್ನು ಬಳಸಿ, ಫೈನಲಿ ಭಾಗದಲ್ಲಿ ಥ್ರೆಡ್‌ಲೋಕಲ್‌ನ ರಿಮೂವ್ ವಿಧಾನವನ್ನು ಕರೆಯುತ್ತಾರೆ. ಕೆಲಸದ ಕೊನೆಯ ಸಾಲಿನಲ್ಲಿ ಮಾತ್ರ ಅಳಿಸುವ ಆದೇಶವಿದ್ದರೆ, ನಡುವೆ ದೋಷ ಉಂಟಾದಾಗ ಅಲ್ಲಿಗೆ ತಲುಪುವುದೇ ಇಲ್ಲ. ಹಾಗೆ ವಿಫಲವಾದ ಕೆಲಸದ ಸಂದರ್ಭವು ಮುಂದಿನ ಕೆಲಸಕ್ಕೆ ದಾಟುವುದು ಅತ್ಯಂತ ಸಾಮಾನ್ಯವಾದ ಪ್ರಕರಣ.

ಮೌಲ್ಯಕ್ಕೆ ಬದಲಾಗಿ ಶೂನ್ಯವನ್ನು ತುಂಬುವುದೂ ತೆಗೆಯುವುದೂ ಒಂದೇ ಅಲ್ಲ. ಶೂನ್ಯ ತುಂಬಿದರೆ ಆ ಥ್ರೆಡ್‌ನ ಪಟ್ಟಿಯಲ್ಲಿ ನಮೂದು ಉಳಿಯುತ್ತದೆ. ತೆಗೆದರೆ ನಮೂದೇ ಹೋಗಿ, ಮುಂದಿನ ಸಲ ಓದಿದಾಗ ಆರಂಭಿಕ ಮೌಲ್ಯ ಹೊಸದಾಗಿ ರೂಪುಗೊಳ್ಳುತ್ತದೆ. ತೆಗೆಯದೆ ಬಿಟ್ಟ ಮೌಲ್ಯಗಳಿಂದ ಮೆಮೊರಿ ಸೋರಿಕೆಯೂ ಉಂಟಾಗುತ್ತದೆ. ಅಪಾಚೆ ಟಾಮ್‌ಕ್ಯಾಟ್ ಸರ್ವರ್ ತನ್ನಲ್ಲಿ ನಿಲ್ಲಿಸಲ್ಪಟ್ಟ ಅಪ್ಲಿಕೇಶನ್‌ಗಳು ಬಿಟ್ಟುಹೋದ ಇಂತಹ ಮೌಲ್ಯಗಳ ಬಗ್ಗೆ ಲಾಗಿನಲ್ಲಿ ಎಚ್ಚರಿಕೆ ಬರೆಯುತ್ತದೆ.

ಎರಡನೆಯ ತೊಡಕು ಇದಕ್ಕೆ ವಿರುದ್ಧವಾದದ್ದು. ಒಂದು ಥ್ರೆಡ್ ತನ್ನ ಕೆಲಸದ ಭಾಗವನ್ನು ಇನ್ನೊಂದು ಥ್ರೆಡ್‌ಗೆ ಒಪ್ಪಿಸಿದರೆ ಸಂದರ್ಭವು ತಾನಾಗಿ ಜೊತೆಗೆ ಹೋಗುವುದಿಲ್ಲ. ಜಾವಾದಲ್ಲಿ ಇನ್‌ಹೆರಿಟಬಲ್ ಥ್ರೆಡ್‌ಲೋಕಲ್ ಎಂಬ ವ್ಯವಸ್ಥೆಯಿದ್ದರೂ, ಅದು ಮೌಲ್ಯವನ್ನು ನಕಲಿಸುವುದು ಹೊಸ ಥ್ರೆಡ್ ಹುಟ್ಟುವ ಕ್ಷಣದಲ್ಲಿ ಮಾತ್ರ. ಪೂಲಿನ ಥ್ರೆಡ್ ಎಂದೋ ಹುಟ್ಟಿರುತ್ತದೆ. ಅದು ಹುಟ್ಟಿದ ಹೊತ್ತಿನ ತಾಲ್ಲೂಕನ್ನೇ ಹೊತ್ತುಕೊಂಡಿರುತ್ತದೆ. ಹೀಗಾಗಿ ಬ್ಯಾಚ್ ತಂತ್ರಾಂಶಗಳಲ್ಲಿ ಈ ವ್ಯವಸ್ಥೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡಿದೆ. ಸರಿಯಾದ ಕ್ರಮವೆಂದರೆ, ಕೆಲಸವನ್ನು ಸಾಲಿಗೆ ಸೇರಿಸುವಾಗಲೇ ಸಂದರ್ಭದ ಪ್ರತಿಯನ್ನು ಅದರೊಂದಿಗೆ ಕಟ್ಟಿ, ಕೆಲಸ ಆರಂಭವಾಗುವಾಗ ಆ ಥ್ರೆಡ್‌ನಲ್ಲಿ ಬಿಚ್ಚಿ ಇರಿಸಿ, ಮುಗಿದಾಗ ಅದರ ಹಿಂದಿನ ಸ್ಥಿತಿಗೆ ಮರಳಿಸುವುದು.

ಡೇಟಾಬೇಸ್ ವಹಿವಾಟಿಗೂ ಇದೇ ಮಿತಿಯಿದೆ. ಸ್ಪ್ರಿಂಗ್ ಚೌಕಟ್ಟು ಸಾಮಾನ್ಯವಾಗಿ ನಡೆಯುತ್ತಿರುವ ವಹಿವಾಟಿನ ಸಂಪರ್ಕವನ್ನು ಥ್ರೆಡ್‌ಗೆ ಕಟ್ಟಿರುತ್ತದೆ. ಕೆಲಸದ ನಡುವೆ ಬೇರೊಂದು ಥ್ರೆಡ್‌ನಲ್ಲಿ ಬರೆದ ದಾಖಲೆಗಳು ಮೂಲ ವಹಿವಾಟಿನ ಭಾಗವಾಗುವುದಿಲ್ಲ. ಮೂಲ ವಹಿವಾಟು ರದ್ದಾದರೂ ಅವು ಉಳಿದುಬಿಡುತ್ತವೆ.

ಪುನರಾರಂಭದ ಪ್ರಶ್ನೆಯೂ ಇದೆ. ರಾತ್ರಿ ವಿದ್ಯುತ್ ಹೋಗಿ ಬ್ಯಾಚ್ ಅರ್ಧದಲ್ಲಿ ನಿಂತರೆ, ಥ್ರೆಡ್-ಸ್ಥಳೀಯ ಮೌಲ್ಯಗಳೆಲ್ಲ ಮೆಮೊರಿಯೊಂದಿಗೆ ನಾಶವಾಗುತ್ತವೆ. ಎಷ್ಟನೆಯ ದಾಖಲೆಯವರೆಗೆ ಮುಗಿದಿದೆ ಎಂಬಂತಹ, ಮತ್ತೆ ಬೇಕಾಗುವ ಯಾವ ವಿವರವನ್ನೂ ಅಲ್ಲಿ ಮಾತ್ರ ಇರಿಸುವಂತಿಲ್ಲ, ಅದು ಡೇಟಾಬೇಸಿನಲ್ಲಿರಬೇಕು.

ಇತಿಹಾಸ ಮತ್ತು ಭಾಷೆಗಳಲ್ಲಿನ ಬಳಕೆ

1995ರ ಪಾಸಿಕ್ಸ್ ಥ್ರೆಡ್ ಮಾನಕದಲ್ಲಿಯೇ ಪ್ರತಿ ಥ್ರೆಡ್‌ಗೂ ಪ್ರತ್ಯೇಕ ಮೌಲ್ಯವನ್ನು ಇರಿಸುವ ಕೀಲಿಗಳ ವ್ಯವಸ್ಥೆಯಿತ್ತು. ಥ್ರೆಡ್ ಮುಗಿಯುವಾಗ ಮೌಲ್ಯವನ್ನು ವಿಲೇವಾರಿ ಮಾಡುವ ಫಂಕ್ಷನ್ ಒಂದನ್ನೂ ಅದರೊಂದಿಗೆ ಜೋಡಿಸಬಹುದಾಗಿತ್ತು. ಸಿ ಮತ್ತು ಸಿ++ ಭಾಷೆಗಳ 2011ರ ಮಾನಕಗಳು ಥ್ರೆಡ್-ಸ್ಥಳೀಯ ವೇರಿಯಬಲ್‌ಗಳನ್ನು ಭಾಷೆಯ ಅಂಗವಾಗಿಯೇ ಸ್ವೀಕರಿಸಿದವು.

ಜಾವಾದಲ್ಲಿ ಥ್ರೆಡ್‌ಲೋಕಲ್ ಸೇರ್ಪಡೆಯಾದದ್ದು 1998ರ 1.2 ಆವೃತ್ತಿಯಲ್ಲಿ. ಆಗ ಅದರಲ್ಲಿ ರಿಮೂವ್ ವಿಧಾನ ಇರಲಿಲ್ಲ. ಥ್ರೆಡ್ ಪೂಲ್‌ಗಳನ್ನು ಜಾವಾದ ಅಧಿಕೃತ ಗ್ರಂಥಾಲಯಕ್ಕೆ ತಂದ 2004ರ ಜಾವಾ 5 ಆವೃತ್ತಿಯಲ್ಲಿಯೇ ರಿಮೂವ್ ಕೂಡ ಬಂದಿತು. ಥ್ರೆಡ್‌ಗಳನ್ನು ಮರುಬಳಸುವ ಸೌಲಭ್ಯವೂ ಅಳಿಸುವ ಸೌಲಭ್ಯವೂ ಒಂದೇ ಆವೃತ್ತಿಯಲ್ಲಿ ಬಂದದ್ದು ಅರ್ಥಪೂರ್ಣವಾಗಿದೆ. ಆರಂಭದ ದಿನಗಳಲ್ಲಿ ಥ್ರೆಡ್‌ಲೋಕಲ್ ಹೆಚ್ಚಾಗಿ ಬಳಕೆಯಾದದ್ದು, ಏಕಕಾಲದಲ್ಲಿ ಹಲವು ಥ್ರೆಡ್‌ಗಳು ಬಳಸಿದರೆ ತಪ್ಪು ಫಲಿತಾಂಶ ಕೊಡುವ ದಿನಾಂಕ ರೂಪಕಗಳನ್ನು ಥ್ರೆಡ್‌ಗೊಂದರಂತೆ ಇರಿಸಲು. 2014ರ ಜಾವಾ 8ರಲ್ಲಿ ಸುರಕ್ಷಿತವಾದ ಹೊಸ ದಿನಾಂಕ ವ್ಯವಸ್ಥೆ ಬಂದ ಮೇಲೆ ಆ ಬಳಕೆ ಅನಗತ್ಯವಾಯಿತು.

ಪೈಥಾನ್ ಭಾಷೆಯು 2018ರ 3.7 ಆವೃತ್ತಿಯಲ್ಲಿ ಕಾಂಟೆಕ್ಸ್ಟ್‌ವಾರ್ಸ್ ಎಂಬ ಘಟಕವನ್ನು ಸೇರಿಸಿತು. ಒಂದೇ ಥ್ರೆಡ್‌ನಲ್ಲಿ ಹಲವು ಕೆಲಸಗಳು ಸರದಿಯ ಮೇಲೆ ನಡೆಯುವಾಗ ಸಂದರ್ಭವನ್ನು ಥ್ರೆಡ್‌ಗೆ ಬದಲಾಗಿ ಕೆಲಸಕ್ಕೇ ಕಟ್ಟುವುದು ಇದರ ಉದ್ದೇಶ.

ಬ್ಯಾಚ್ ಚೌಕಟ್ಟುಗಳು

ಆಕ್ಸೆಂಚರ್ ಸಂಸ್ಥೆಯ ಸಹಯೋಗದಲ್ಲಿ ರೂಪುಗೊಂಡು 2008ರಲ್ಲಿ ಮೊದಲ ಆವೃತ್ತಿ ಕಂಡ ಸ್ಪ್ರಿಂಗ್ ಬ್ಯಾಚ್, ಪ್ರತಿ ಹಂತದ ಸಂದರ್ಭವನ್ನು ಆ ಹಂತ ನಡೆಸುವ ಥ್ರೆಡ್‌ಗೆ ನೋಂದಾಯಿಸಿ, ಹಂತ ಮುಗಿದಾಗ ತಾನೇ ಬಿಡುಗಡೆ ಮಾಡುತ್ತದೆ. ವಿಭಜಿತ ಹಂತಗಳಲ್ಲಿ ಪ್ರತಿ ಭಾಗಕ್ಕೂ ತನ್ನದೇ ಆದ ಸಂದರ್ಭವಿದ್ದು, ಅದು ಡೇಟಾಬೇಸಿನಲ್ಲಿ ದಾಖಲಾಗುತ್ತದೆ. ಮೇಲಿನ ಉದಾಹರಣೆಯ ತಾಲ್ಲೂಕು ಸಂಕೇತವನ್ನೂ ರೂಢಿಯ ವರ್ಗವನ್ನೂ ಅಲ್ಲಿ ಇರಿಸಿದ್ದರೆ ಕುಷ್ಟಗಿಯ ಮೌಲ್ಯ ಕಾರಟಗಿಗೆ ದಾಟುವ ದಾರಿಯೇ ಇರುತ್ತಿರಲಿಲ್ಲ. 2013ರಲ್ಲಿ ಜಾವಾ ಇಇ 7ರೊಂದಿಗೆ ಬಂದ ಜೆಎಸ್ಆರ್ 352 ಬ್ಯಾಚ್ ಮಾನಕವೂ ವಿಭಜಿತ ಹಂತದ ಪ್ರತಿ ಭಾಗಕ್ಕೆ ಪ್ರತ್ಯೇಕ ಹಂತ-ಸಂದರ್ಭವನ್ನು ಒದಗಿಸುತ್ತದೆ. ಆದರೆ ಪ್ರೋಗ್ರಾಮ್ ಬರೆಯುವವರು ಚೌಕಟ್ಟಿನ ಹೊರಗೆ ತಮ್ಮದೇ ಥ್ರೆಡ್‌ಲೋಕಲ್‌ಗಳನ್ನು ಸೃಷ್ಟಿಸಿಕೊಂಡರೆ ಈ ಯಾವ ರಕ್ಷಣೆಯೂ ಅವಕ್ಕೆ ಅನ್ವಯಿಸುವುದಿಲ್ಲ.

ಸ್ಕೋಪ್ಡ್ ವ್ಯಾಲ್ಯೂ

2023ರ ಜಾವಾ 21ರಲ್ಲಿ ಹಗುರವಾದ ವರ್ಚುವಲ್ ಥ್ರೆಡ್‌ಗಳು ಅಧಿಕೃತವಾದವು. ಇವುಗಳನ್ನು ಲಕ್ಷಗಟ್ಟಲೆ ಸೃಷ್ಟಿಸಬಹುದಾದ್ದರಿಂದ ಪೂಲ್ ಮಾಡುವ ಅಗತ್ಯವಿಲ್ಲ, ಮಾಡಬಾರದೆಂದೇ ಸಲಹೆಯಿದೆ. ಕೆಲಸಕ್ಕೊಂದು ಥ್ರೆಡ್, ಕೆಲಸದೊಂದಿಗೇ ಅದರ ಅಂತ್ಯ. ಆದರೆ ಲಕ್ಷ ಥ್ರೆಡ್‌ಗಳಿಗೆ ಲಕ್ಷ ಪ್ರತಿಗಳಾದರೆ ಮೆಮೊರಿ ಹೊರೆಯಾಗುತ್ತದೆ. ಇದಕ್ಕೆ ಉತ್ತರವಾಗಿ ಸ್ಕೋಪ್ಡ್ ವ್ಯಾಲ್ಯೂ ಎಂಬ ವ್ಯವಸ್ಥೆಯು ಹಲವು ಪ್ರಾಯೋಗಿಕ ಹಂತಗಳನ್ನು ದಾಟಿ 2025ರ ಜಾವಾ 25ರಲ್ಲಿ ಸ್ಥಿರಗೊಂಡಿತು. ಇದರಲ್ಲಿ ಮೌಲ್ಯವನ್ನು ಒಂದು ನಿರ್ದಿಷ್ಟ ಆದೇಶಗಳ ಆವರಣಕ್ಕೆ ಮಾತ್ರ ಕಟ್ಟಲಾಗುತ್ತದೆ. ಒಳಗಿರುವವರು ಓದಬಹುದೇ ಹೊರತು ತಿದ್ದುವಂತಿಲ್ಲ. ಆವರಣದಿಂದ ಹೊರಬಂದೊಡನೆ ಅದು ತಾನಾಗಿ ಇಲ್ಲವಾಗುತ್ತದೆ. ಅಳಿಸಲು ಮರೆಯುವ ಪ್ರಶ್ನೆಯೇ ಉಳಿಯುವುದಿಲ್ಲ.

ಪರೀಕ್ಷೆ

ಸಂದರ್ಭ ಉಳಿದುಹೋಗುವ ದೋಷವನ್ನು ಪತ್ತೆಹಚ್ಚಲು ಥ್ರೆಡ್‌ಗಳ ಸಂಖ್ಯೆಯನ್ನು ಹೆಚ್ಚಿಸಬೇಕೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಕಡಿಮೆ ಮಾಡಬೇಕು. ಪೂಲಿನಲ್ಲಿ ಒಂದೇ ಥ್ರೆಡ್ ಇಟ್ಟು ಏಳೂ ತಾಲ್ಲೂಕುಗಳನ್ನು ಅದರಿಂದಲೇ ಓಡಿಸಿದರೆ ಮರುಬಳಕೆ ಖಚಿತವಾಗುತ್ತದೆ. ಬಂದ ಫಲಿತಾಂಶವನ್ನು, ಪ್ರತಿ ತಾಲ್ಲೂಕನ್ನೂ ಹೊಸದಾಗಿ ಆರಂಭಿಸಿದ ಪ್ರೋಗ್ರಾಮಿನಲ್ಲಿ ಬೇರೆ ಬೇರೆಯಾಗಿ ಓಡಿಸಿ ಪಡೆದ ಫಲಿತಾಂಶದೊಂದಿಗೆ ದಾಖಲೆ ದಾಖಲೆಯಾಗಿ ಹೋಲಿಸಬೇಕು. ಬಳಿಕ ತಾಲ್ಲೂಕುಗಳ ಕ್ರಮವನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ಹೋಲಿಸಬೇಕು. ಒಟ್ಟು ಮೊತ್ತವನ್ನು ಮಾತ್ರ ಹೋಲಿಸಿದರೆ ಸಾಲದು, ಏಕೆಂದರೆ ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಕಡಿಮೆಯಾದದ್ದನ್ನು ಸರಿದೂಗಿಸಿ ತಪ್ಪನ್ನು ಮರೆಮಾಡಬಲ್ಲದು. ಕೆಲಸದ ಆರಂಭದಲ್ಲಿ ಸಂದರ್ಭ ಖಾಲಿಯಿದೆಯೇ ಎಂದು ಪರಿಶೀಲಿಸಿ, ಖಾಲಿಯಿಲ್ಲದಿದ್ದರೆ ಅಲ್ಲಿಯೇ ನಿಲ್ಲುವಂತೆ ಬರೆಯುವುದು ಇನ್ನೊಂದು ಉಪಾಯ. ಬ್ಯಾಚ್ ನಿಂತರೆ ಮರುದಿನ ಬೆಳಗ್ಗೆ ಸಿಬ್ಬಂದಿಗೆ ತಿಳಿಯುತ್ತದೆ; ನಿಲ್ಲದೆ ಮುಂದುವರಿದರೆ ತಿಳಿಯುವುದು ಹಣ ಜಮೆಯಾದ ಮೇಲೆ.